ಈ ಎಲೆಗೆ ಯಾವ ಹಸಿರು, ಮೇಡಂ?

ಕಲರ್ ಪೆನ್ಸಿಲ್‌ನಲ್ಲಿ ಗಿಡ, ಎಲೆ, ಹೂವಿನ ಚಿತ್ರ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಕಾಲೇಜು ಹುಡುಗರು ಬರುತ್ತಾರೆ, ಐಟಿಯವರು ಬರುತ್ತಾರೆ, ನಿವೃತ್ತರಾದವರು ಬರುತ್ತಾರೆ. ಯಾರೇ ಬರಲಿ, ಎಲೆಯ ಗೆರೆಚಿತ್ರ ಮುಗಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಯಾವ ಹಸಿರು ಹಾಕಲಿ, ಮೇಡಂ?"

"ಇರೋದನ್ನ ಹಾಕಿ, ಆಗತ್ತೆ" ಅಂದರೆ ಯಾರೂ ನಂಬುವುದಿಲ್ಲ. ಮೇಡಂ ಏನೋ ಗುಟ್ಟು ಬಚ್ಚಿಡುತ್ತಿದ್ದಾರೆ ಅನ್ನುವ ಹಾಗೆ ನೋಡುತ್ತಾರೆ. ಮುಂದಿನ ವಾರ ಇನ್ನೂ ದೊಡ್ಡ ಡಬ್ಬಿ ಕೊಂಡುಕೊಂಡು ಬರುತ್ತಾರೆ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮಗಳು ಜರ್ಮನಿಯಿಂದ ತಂದುಕೊಟ್ಟ 120 ಬಣ್ಣದ ಪಾಲಿಕ್ರೋಮೋಸ್ ಕಲರ್ ಪೆನ್ಸಿಲ್ ಡಬ್ಬಿ ಅವರದ್ದು. ಅದರಲ್ಲಿರುವ ಹಸಿರುಗಳನ್ನೆಲ್ಲ ಆರಿಸಿ, ಒಂದು ಹಳೇ ಲೆಡ್ಜರ್ ಪುಸ್ತಕದಲ್ಲಿ ಚೌಕ ಚೌಕವಾಗಿ ಬಳಿದು, ಪಕ್ಕದಲ್ಲಿ ಪೆನ್ಸಿಲ್ ನಂಬರ್ ಬರೆದಿದ್ದರು. ಎಲೆಯನ್ನು ಆ ಪುಟದ ಮೇಲೆ ಒಂದೊಂದೇ ಚೌಕಕ್ಕೆ ಹಿಡಿದು ನೋಡುವುದು. ಆಮೇಲೆ ಕನ್ನಡಕ ತೆಗೆದು, "ಟ್ಯಾಲಿ ಆಗ್ತಾ ಇಲ್ಲ ಮೇಡಂ" ಅನ್ನುವುದು. ಆ ಶ್ರದ್ಧೆ ಕಂಡರೆ ಖುಷಿ. ಆ ಪ್ರಶ್ನೆ ಕೇಳಿದರೆ ಮಾತ್ರ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಯಾಕೆ ಟ್ಯಾಲಿ ಆಗುವುದಿಲ್ಲ? ಎಲೆಯಲ್ಲಿ ಒಂದು ಹಸಿರು ಇಲ್ಲವೇ ಇಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮತ್ತೆ ಹಸಿರು ಪೆನ್ಸಿಲ್ಲನ್ನೇ ಎತ್ತಿಕೊಳ್ಳುತ್ತಾರೆ. ಹಾಗಾಗಿ ನಾನು ಈಗ ಹೇಳುವುದನ್ನು ಬಿಟ್ಟು ತೋರಿಸುತ್ತೇನೆ. ನೀವೂ ಮಾಡಿ ನೋಡಿ.

ಅಂಗೈಯಷ್ಟು ಬಿಳಿ ರಟ್ಟು ತೆಗೆದುಕೊಳ್ಳಿ. ಪಂಚಿಂಗ್ ಮೆಷಿನ್‌ನಲ್ಲಿ ನಡುವೆ ಒಂದು ತೂತು ಮಾಡಿ. ಒಂದು ದಾಸವಾಳದ ಎಲೆಯನ್ನು ಕಡ್ಡಿ ಸಮೇತ ಕಿತ್ತು, ನೀರಿರುವ ಲೋಟದಲ್ಲಿ ನಿಲ್ಲಿಸಿ, ಕಿಟಕಿಯ ಪಕ್ಕ ಇಡಿ. ಒಂದು ಕಣ್ಣು ಮುಚ್ಚಿ, ರಟ್ಟನ್ನು ಎಲೆಯ ಹತ್ತಿರ ಹಿಡಿದು, ತೂತಿನೊಳಗೆ ಕಾಣುವ ಬಣ್ಣವನ್ನಷ್ಟೇ ನೋಡಿ. ಎಲೆ ಅನ್ನುವುದನ್ನು ಮರೆತುಬಿಡಿ. ಎಲೆಯ ಹೊಳೆಯುವ ಉಬ್ಬಿನ ಮೇಲೆ ತೂತು ಬಂದಾಗ ಕಾಣುವುದು ಹಸಿರಲ್ಲ. ತಿಳಿ ನೀಲಿ, ಒಂದೊಂದು ಕಡೆ ಹೆಚ್ಚುಕಮ್ಮಿ ಬಿಳಿ. ದಾಸವಾಳದ ಎಲೆಗೆ ಹೊಳಪು ಜಾಸ್ತಿ, ಕಿಟಕಿಯಾಚೆಯ ಆಕಾಶವೇ ಅಲ್ಲಿ ಕಾಣುತ್ತಿರುತ್ತದೆ. ಹಿಂದಿನಿಂದ ಬೆಳಕು ತೂರಿ ಬರುವ ಕಡೆ ಹಳದಿ. ನಡುನರದ ಪಕ್ಕದ ತಗ್ಗಿನಲ್ಲಿ, ನೆರಳು ಬಿದ್ದಲ್ಲಿ, ಕಪ್ಪಿಗೆ ಹತ್ತಿರದ ಏನೋ ಒಂದು ಬಣ್ಣ. ಅಂಚು ಮಗುಚಿ ಹಿಂಬದಿ ಕಾಣುವಲ್ಲಿ ಹೊಳಪಿಲ್ಲದ, ಮಾಸಿದ ಬಣ್ಣ. ನೀವು ಅಂದುಕೊಂಡಿದ್ದ ಆ "ಎಲೆ ಹಸಿರು" ಎಲ್ಲೋ ಒಂದಿಷ್ಟು ಜಾಗದಲ್ಲಿ ಮಾತ್ರ ಸಿಗುತ್ತದೆ.

ನಮ್ಮ ಬ್ಯಾಂಕ್ ಸರ್ ಈ ಪರೀಕ್ಷೆಯನ್ನೂ ಲೆಡ್ಜರ್‌ನಲ್ಲೇ ಬರೆದುಕೊಂಡರು. ತುದಿ: ಹಳದಿ. ಉಬ್ಬು: ನೀಲಿ. ನರದ ಪಕ್ಕ: ಕಪ್ಪು, ಆದರೆ ಕಪ್ಪಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹಾಗಾದ್ರೆ ಇಷ್ಟೊಂದು ಹಸಿರು ಪೆನ್ಸಿಲ್ ಯಾಕೆ ಕೊಟ್ಟಿದಾರೆ?" ಅಂದರು. ನ್ಯಾಯವಾದ ಪ್ರಶ್ನೆ.

ಉತ್ತರ ಇಷ್ಟೇ. ಕಲರ್ ಪೆನ್ಸಿಲ್‌ನ ಬಣ್ಣ ಪೂರ್ತಿ ಮುಚ್ಚುವ ಬಣ್ಣವಲ್ಲ. ತೆಳ್ಳಗೆ ಹಚ್ಚಿದರೆ ಕೆಳಗಿನ ಪದರ ಮೇಲಕ್ಕೆ ಕಾಣುತ್ತದೆ. ಈ ವಿದ್ಯೆಯೆಲ್ಲ ನಿಂತಿರುವುದು ಇದೊಂದರ ಮೇಲೆ. ನೆರಳಿರುವ ಕಡೆ ಮೊದಲು ಕಡುನೀಲಿ ಅಥವಾ ನೇರಳೆಯನ್ನು ಹಗುರವಾಗಿ ಹಚ್ಚಿ. ಅದರ ಮೇಲೆ, ಬೆಳಕಿನ ಭಾಗಕ್ಕೂ ಸೇರಿಸಿ, ಹಳದಿ. ಆಮೇಲೆ ಹಸಿರು. ತೀರಾ ಪ್ಲಾಸ್ಟಿಕ್ ಎಲೆಯ ಹಾಗೆ ಕಂಡರೆ ಮೇಲೊಂದು ಪದರ ಕೆಂಪು ಅಥವಾ ಕಂದು, ತೀರಾ ತೆಳ್ಳಗೆ. ಹಸಿರಿನ ಮೇಲೆ ಕೆಂಪೇ ಅಂತ ಹೌಹಾರಬೇಡಿ. ಹಸಿರಿನ ಅಬ್ಬರ ಇಳಿಸುವುದಕ್ಕೆ ಕೆಂಪಿನಷ್ಟು ಒಳ್ಳೆಯದು ಬೇರೆ ಇಲ್ಲ. ಹೊಳಪಿನ ಜಾಗಕ್ಕೆ ತಿಳಿ ನೀಲಿ ಸೋಕಿಸಿ, ನಡುವೆ ಕಾಗದವನ್ನು ಹಾಗೇ ಬಿಡಿ. ಹನ್ನೆರಡು ಬಣ್ಣದ ಡಬ್ಬಿಯಲ್ಲೂ ಇದೆಲ್ಲ ಆಗುತ್ತದೆ. ದೊಡ್ಡ ಡಬ್ಬಿ ಇದ್ದರೆ ಒಂದೆರಡು ಪದರದ ಕೆಲಸ ಉಳಿಯುತ್ತದೆ ಅಷ್ಟೆ.

ಆದರೆ ಒತ್ತಬಾರದು. ನೂರು ಸಲ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ಕಾಗದದ ಮೈ ಎಷ್ಟೇ ನುಣುಪಾಗಿ ಕಂಡರೂ ಅದರಲ್ಲಿ ಸಣ್ಣ ತರಿ ಇರುತ್ತದೆ. ಆ ತರಿಯೇ ಬಣ್ಣವನ್ನು ಹಿಡಿಯುವುದು. ಮೊದಲ ಪದರವನ್ನೇ ಒತ್ತಿ ತಿಕ್ಕಿದರೆ ಪೆನ್ಸಿಲ್‌ನ ಮೇಣವೋ ಎಣ್ಣೆಯೋ ಆ ತಗ್ಗುಗಳನ್ನೆಲ್ಲ ತುಂಬಿಬಿಡುತ್ತದೆ. ಮುಂದಿನ ಬಣ್ಣ ಜಾರುತ್ತದೆ, ಹತ್ತುವುದಿಲ್ಲ. ರಬ್ಬರ್ ತಗೊಂಡು ಉಜ್ಜಿದರೆ ಇನ್ನೂ ರಾಡಿ. ಪೆನ್ಸಿಲ್ಲನ್ನು ಮೊನೆಯಿಂದ ದೂರ, ಹಿಂದಕ್ಕೆ ಹಿಡಿಯಿರಿ, ಒತ್ತಡ ತಾನಾಗಿ ಕಡಿಮೆಯಾಗುತ್ತದೆ. ಮೊನೆ ಸೂಜಿಯ ಹಾಗಿರಲಿ. ಮೊಂಡಾದ ಪೆನ್ಸಿಲ್ ತರಿಯ ಮೇಲೆ ಮಾತ್ರ ಓಡಾಡಿ ಬಿಳಿ ಚುಕ್ಕೆ ಬಿಡುತ್ತದೆ, ಆ ಚುಕ್ಕೆ ಮುಚ್ಚಲು ನೀವು ಒತ್ತುತ್ತೀರಿ. ದುಬಾರಿ ಪೆನ್ಸಿಲ್ ಸವೆಯುತ್ತದಲ್ಲ ಅಂತ ಮೆಂಡರ್ ಮುಟ್ಟದವರು ನನ್ನ ತರಗತಿಯಲ್ಲಿ ಎಷ್ಟೋ ಜನ. ಡಬ್ಬಿಗೆ ಅಷ್ಟು ದುಡ್ಡು ಸುರಿದವರು ಇಲ್ಲಿ ಬಂದು ಉಳಿತಾಯ ಮಾಡುತ್ತಾರೆ!

ಎಷ್ಟು ಪದರ ಅಂತ ಕೇಳಬೇಡಿ. ಅದು ಕಾಗದ ಎಂಥದ್ದು ಅನ್ನುವುದರ ಮೇಲೆ ಹೋಗುತ್ತದೆ. 300 ಜಿಎಸ್‌ಎಂ ಹಾಟ್ ಪ್ರೆಸ್, ಅಂದರೆ ದಪ್ಪಗೆ, ನುಣುಪಾಗಿರುವ ಕಾಗದ ತಡೆಯುವಷ್ಟನ್ನು ಸ್ಕೂಲಿನ ಡ್ರಾಯಿಂಗ್ ಶೀಟ್ ತಡೆಯುವುದಿಲ್ಲ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಇನ್ನೂ ಹುಷಾರಾಗಿರಬೇಕು. ತೇವ ಹೀರಿದ ಕಾಗದ ಮೆತ್ತಗಾಗಿ, ಸ್ವಲ್ಪ ಒತ್ತಿದರೂ ಗೀರು ಬೀಳಬಹುದು.

ಇನ್ನು ಸಮಯದ ಮಾತು. ಕಿತ್ತ ಎಲೆ ಕಾಯುವುದಿಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಸರ್ಜನ್ ಆಗಿದ್ದ ಹ್ಯೂ ಕ್ಲೆಗಾರ್ನ್ ಮರಾಠಿ ಚಿತ್ರಗಾರರೊಬ್ಬರಿಂದ ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದರು. ಅದೇ ಕಾಲದಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ವೈಟ್ ಅವರಿಗಾಗಿ ರಂಗಯ್ಯ, ಗೋವಿಂದು ಅನ್ನುವ ದಕ್ಷಿಣ ಭಾರತದ ಕಲಾವಿದರು ರಾಶಿ ಗಿಡಗಳನ್ನು ಬರೆದರು. ಅವರದು ನೀರಿನ ಬಣ್ಣ, ನಮ್ಮದಕ್ಕಿಂತ ಬೇಗ ಸಾಗುತ್ತದೆ. ಪೆನ್ಸಿಲ್‌ನಲ್ಲಿ ಒಂದು ಎಲೆಗೇ ವಾರ ಹಿಡಿಯಬಹುದು, ಅಷ್ಟರಲ್ಲಿ ಎಲೆ ಬಾಡಿ ಬಣ್ಣ ತಿರುಗಿರುತ್ತದೆ. ಅದಕ್ಕೇ ಮೊದಲ ಗಂಟೆಯಲ್ಲಿ ಚಿತ್ರ ಮುಗಿಸಲು ಹೋಗಬೇಡಿ. ಪಕ್ಕದ ಚೂರು ಕಾಗದದಲ್ಲಿ, ತೂತಿನಲ್ಲಿ ಕಂಡ ಬಣ್ಣಗಳನ್ನು ಪದರ ಪದರವಾಗಿ ಹಚ್ಚಿ, ಯಾವುದರ ಮೇಲೆ ಯಾವುದು ಅಂತ ಬರೆದಿಟ್ಟುಕೊಳ್ಳಿ. ಫೋಟೋ ಬೇಕಾದರೆ ತೆಗೆದುಕೊಳ್ಳಿ, ನರಗಳ ಲೆಕ್ಕಕ್ಕೆ ಆಗುತ್ತದೆ. ಹಸಿರಿನ ವಿಷಯದಲ್ಲಿ ಮಾತ್ರ ಮೊಬೈಲನ್ನು ನಾನು ನಂಬುವುದಿಲ್ಲ.

ಬ್ಯಾಂಕ್ ಸರ್ ಹಲಸಿನ ಎಲೆಯೊಂದನ್ನು ಮುಗಿಸಿದರು. ಚೆನ್ನಾಗಿಯೇ ಬಂತು, ಹೊಳಪೂ ಸರಿಯಾಗಿತ್ತು. ಆಮೇಲೆ ಒಂದು ಬೊಗಸೆ ಮಲ್ಲಿಗೆ ತಂದು ಮುಂದಿಟ್ಟುಕೊಂಡು, ಡಬ್ಬಿಯಿಂದ ಬಿಳಿ ಪೆನ್ಸಿಲ್ ತೆಗೆದರು. ರಟ್ಟು ಎಲ್ಲಿ ಅಂತ ಕೇಳಿದೆ. ಮನೆಯಲ್ಲೇ ಬಿಟ್ಟು ಬಂದಿದ್ದರು.