ಪದ ಪರಿಚಯ: ಆಫ್‌ಬೀಟ್

ಭಾನುವಾರ ಸಂಜೆ ಕಾಪು ದೀಪಸ್ತಂಭದ ಹತ್ತಿರ ಹೋಗಿ ನೋಡಿ. ಮೂರ್ನಾಲ್ಕು ಜೋಡಿಗಳು ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಬಂದಿರುತ್ತವೆ. ಅದೇ ಬಂಡೆ, ಗಾಳಿಗೆ ಹಾರುವ ಅದೇ ಉದ್ದದ ಗೌನು, ತಲೆ ಮೇಲೊಂದು ಡ್ರೋನು. ನನ್ನ ಪರಿಚಯದ ವಿಡಿಯೋಗ್ರಾಫರ್ ಒಬ್ಬರು ಇದನ್ನು ‘ಆಫ್‌ಬೀಟ್ ಪ್ಯಾಕೇಜ್’, ಅಂದರೆ ಎಲ್ಲರ ಹಾಗಲ್ಲದ್ದು, ಅಂತ ಮಾರುತ್ತಾರೆ. ಎಲ್ಲರೂ ಮಾಡುವುದು ಆಫ್‌ಬೀಟ್ ಹೇಗಾಗುತ್ತದೆ ಮಾರಾಯ್ರೆ ಎಂದು ಕೇಳಿದೆ. ಅವರು ನಕ್ಕು ಡ್ರೋನಿನ ಬ್ಯಾಟರಿ ಬದಲಿಸಿದರು.

ಸಿನಿಮಾ ಮಾತಿನಲ್ಲೂ ಈ ಪದದ ಕತೆ ಹೀಗೇ. ಚಿತ್ರ ನಿಧಾನವಾಗಿದ್ದರೆ ಆಫ್‌ಬೀಟ್. ಫೈಟು ಇಲ್ಲದಿದ್ದರೆ ಆಫ್‌ಬೀಟ್. ಒಂದೇ ವಾರಕ್ಕೆ ಥಿಯೇಟರಿನಿಂದ ಎತ್ತಿದರೆ, ಪಾಪ, ಅದೂ ಆಫ್‌ಬೀಟ್.

ಇದು ಸಂಗೀತದ ಪದ. ಬೀಟ್ ಎಂದರೆ ತಾಳದ ಪೆಟ್ಟು. ಒತ್ತು ಬೀಳಬೇಕಾದ ಪೆಟ್ಟನ್ನು ಬಿಟ್ಟು ಅದರ ಸಂದಿಯಲ್ಲಿ ಒತ್ತು ಕೊಡುವುದು ಆಫ್‌ಬೀಟ್. ಕರ್ನಾಟಕ ಸಂಗೀತ ಕಲಿತವರಿಗೆ ಅನಾಗತ ಎಡುಪು ನೆನಪಾಗಬಹುದು. ತಾಳ ಶುರುವಾದ ಮೇಲೆ ಸ್ವಲ್ಪ ಜಾಗ ಬಿಟ್ಟು ಹಾಡು ಹಿಡಿಯುತ್ತಾರಲ್ಲ, ಅದು. ಯಕ್ಷಗಾನದ ಆಟ ನೋಡುವವರಿಗೆ ಇನ್ನೂ ಸುಲಭ. ಭಾಗವತರ ಜಾಗಟೆ ಬೀಳುವುದು ಒಂದು ಕಡೆ, ಚೆಂಡೆಯವರು ನುಗ್ಗುವುದು ಅದರ ನಡುವಿನ ಸಂದಿಗೆ. ಸಂದಿಯಲ್ಲಿ ಬಾರಿಸುವವರು ಯಾರು, ತಾಳ ತಪ್ಪಿದವರು ಯಾರು ಎನ್ನುವುದು ಅರೆನಿದ್ದೆಯಲ್ಲಿ ಕೂತ ಅಜ್ಜನಿಗೂ ಗೊತ್ತಾಗುತ್ತದೆ.

ಈ ಅರ್ಥದಲ್ಲಿ ಆಫ್‌ಬೀಟ್ ಎನ್ನಬಹುದಾದ ನಿರ್ದೇಶಕರು ಯಾರು? ನನಗೆ ಮೊದಲು ಹೊಳೆಯುವ ಹೆಸರು ಫ್ರಾನ್ಸಿನ ಮಿಶೆಲ್ ಗಾಂಡ್ರಿ. 1963ರಲ್ಲಿ ವರ್ಸೇಲ್ಸ್‌ನಲ್ಲಿ ಹುಟ್ಟಿದವರು. ಗಮ್ಮತ್ತೆಂದರೆ, ಅವರು ಮೊದಲು ಡ್ರಮ್ಮರ್. ತಮ್ಮ ‘ವಿ ವಿ’ ಬ್ಯಾಂಡಿನ ಹಾಡುಗಳಿಗೆ ತಾವೇ ವಿಡಿಯೋ ಮಾಡುತ್ತಿದ್ದರು. ಅದನ್ನು ನೋಡಿದ ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ತಮ್ಮ ಹಾಡಿಗೆ ಕರೆದರು. 1993ರ ಆ ವಿಡಿಯೋದಿಂದ ಅವರ ದಾರಿ ತೆರೆಯಿತು.

1997ರಲ್ಲಿ ಡಾಫ್ಟ್ ಪಂಕ್ ಜೋಡಿಯ ‘ಅರೌಂಡ್ ದಿ ವರ್ಲ್ಡ್’ ಹಾಡಿಗೆ ಅವರು ಮಾಡಿದ್ದು ನೋಡಿ. ಒಂದೊಂದು ವಾದ್ಯಕ್ಕೆ ಒಂದೊಂದು ವೇಷ. ಡ್ರಮ್ಮಿಗೆ ಈಜಿಪ್ಟಿನ ಮಮ್ಮಿಗಳು, ಗಿಟಾರಿಗೆ ಅಸ್ಥಿಪಂಜರಗಳು, ದನಿಗೆ ರೋಬೋಟ್‌ಗಳು. ಬೇಸ್ ಗಿಟಾರ್ ಮೇಲೇರಿದರೆ ಅದರ ವೇಷದವರು ಮೆಟ್ಟಿಲು ಹತ್ತುತ್ತಾರೆ, ಇಳಿದರೆ ಇಳಿಯುತ್ತಾರೆ. ಚೆಂಡೆ, ಮದ್ದಳೆ, ಜಾಗಟೆಗಳೇ ವೇಷ ಕಟ್ಟಿ ರಂಗಸ್ಥಳಕ್ಕೆ ಬಂದರೆ ಹೇಗಿರುತ್ತದೆ, ಹಾಗೆ. ವಿಚಿತ್ರ ಹೌದು, ಆದರೆ ಒಂದು ಹೆಜ್ಜೆಯೂ ಲೆಕ್ಕ ತಪ್ಪುವುದಿಲ್ಲ.

2002ರಲ್ಲಿ ಇನ್ನೊಂದು ಹಾಡಿಗೆ ಲೆಗೋ ಆಟಿಕೆಯ ತುಂಡುಗಳನ್ನು ಜೋಡಿಸಿ ಇಡೀ ಬ್ಯಾಂಡನ್ನೇ ಕುಣಿಸಿದರು. ಸಿನಿಮಾಗಳನ್ನೂ ಮಾಡಿದರು. 2004ರ ‘ಎಟರ್ನಲ್ ಸನ್‌ಶೈನ್ ಆಫ್ ದಿ ಸ್ಪಾಟ್‌ಲೆಸ್ ಮೈಂಡ್’ನಲ್ಲಿ ಕೈಬಿಟ್ಟುಹೋದ ಪ್ರೀತಿಯ ನೆನಪನ್ನು ತಲೆಯಿಂದ ಅಳಿಸಿಕೊಳ್ಳಲು ಹೊರಟವನ ಕತೆ ಇದೆ. ಅದರ ಬರವಣಿಗೆಗೆ ಚಾರ್ಲಿ ಕಾಫ್‌ಮನ್, ಪಿಯೆರ್ ಬಿಸ್ಮತ್ ಜೊತೆ ಗಾಂಡ್ರಿಗೂ ಆಸ್ಕರ್ ಬಂತು. 2011ರಲ್ಲಿ ಹಾಲಿವುಡ್ಡಿನ ದೊಡ್ಡ ಸೂಪರ್‌ಹೀರೋ ಚಿತ್ರವೊಂದನ್ನೂ ಮಾಡಿದರು. ಅದರಲ್ಲಿ ನನಗೆ ಗಾಂಡ್ರಿ ಸಿಕ್ಕಿದ್ದು ಕಡಿಮೆ.

ನನಗೆ ಜಾಸ್ತಿ ಇಷ್ಟ ಕೆಮಿಕಲ್ ಬ್ರದರ್ಸ್ ಜೋಡಿಯ ‘ಸ್ಟಾರ್ ಗಿಟಾರ್’, 2002ರದ್ದು. ರೈಲಿನ ಕಿಟಕಿಯಿಂದ ಕಾಣುವ ದೃಶ್ಯ, ಅಷ್ಟೇ. ಯಾರೋ ಸುಮ್ನೆ ಕ್ಯಾಮೆರಾ ಹಿಡಿದು ಕೂತಂತಿದೆ. ಸ್ವಲ್ಪ ಹೊತ್ತಿಗೆ ಅನುಮಾನ ಬರುತ್ತದೆ. ಕಂಬ, ಕಟ್ಟಡ, ಸೇತುವೆ ಎಲ್ಲ ಬಂದು ಹೋಗುವುದು ಹಾಡಿನ ಒಂದೊಂದು ಪೆಟ್ಟಿಗೆ! ಇದನ್ನು ನೋಡಿದವರು ಮತ್ತೆ ರೈಲಿನಲ್ಲಿ ಮೊದಲಿನ ಹಾಗೆ ಕೂರುವುದು ಕಷ್ಟ.

ಮೊನ್ನೆ ಮಂಗಳೂರಿನಿಂದ ಉಡುಪಿಗೆ ಹೋಗುವಾಗ ಕಿವಿಗೆ ಚೆಂಡೆಯ ರೆಕಾರ್ಡಿಂಗ್ ಹಾಕಿಕೊಂಡೆ. ಕರೆಂಟ್ ಕಂಬಗಳು ಚೆನ್ನಾಗಿ ತಾಳಕ್ಕೆ ಬಿದ್ದವು. ತೆಂಗಿನ ಮರಗಳು ಅವುಗಳ ಸಂದಿಗೆ ಸರಿಯಾಗಿ ಬಂದಾಗ ನಿಜಕ್ಕೂ ಖುಷಿಯಾಯಿತು. ಅಷ್ಟರಲ್ಲಿ ಮೂಲ್ಕಿಯಲ್ಲಿ ಕ್ರಾಸಿಂಗಿಗೆ ರೈಲು ನಿಂತಿತು. ಕಿಟಕಿಯಲ್ಲಿ ಒಂದೇ ಮರ, ಕಿವಿಯಲ್ಲಿ ಚೆಂಡೆ ಮಾತ್ರ ಬಾರಿಸುತ್ತಲೇ ಇತ್ತು.