ಕುರ್ಚಿ ಎಣಿಸಿದವರು ಬಾಗಿಲು ಎಣಿಸಲಿಲ್ಲ

ಹುಬ್ಬಳ್ಳಿಯ ಒಂದು ದೊಡ್ಡ ಒಳಾಂಗಣ ಸಭಾಂಗಣದ ಬಾಗಿಲ ಪಕ್ಕದಲ್ಲಿ ಒಂದು ನೀಲಿ ಪೀಪಾಯಿ ಇಟ್ಟಿದ್ದರು. ಅದರ ತುಂಬ ಪ್ರೇಕ್ಷಕರಿಂದ ಕಸಿದುಕೊಂಡ ನೀರಿನ ಬಾಟಲಿಗಳು. ಅವುಗಳ ಮೇಲೆ ಹೊಸದಾಗಿ ಬಂದು ಕೂರಬೇಕಿದ್ದದ್ದು ಒಂದು ಸ್ಟೀಲ್ ಡಬ್ಬಿ. ಡಬ್ಬಿಯ ಒಡತಿ ಕುಂದಗೋಳದ ಕಡೆಯಿಂದ ಪ್ರವಚನ ಕೇಳಲು ಬಂದಿದ್ದ ಅಜ್ಜಿ. ಒಳಗೆ ರೊಟ್ಟಿ, ಶೇಂಗಾ ಚಟ್ನಿ.

“ಅಜ್ಜೀ, ಹೊರಗಿನ ತಿನಿಸು ಒಳಗೆ ಒಯ್ಯುವಂತಿಲ್ಲ” ಎಂದ ಕಾವಲಿನ ಹುಡುಗ.

“ಇದು ಹೊರಗಿನದಲ್ಲ ತಮ್ಮಾ, ಮನೆಯದು.”

ಸಾಲಿನಲ್ಲಿದ್ದವರು ನಕ್ಕರು. ಹುಡುಗ ನಗಲಿಲ್ಲ. ಆ ಹೊತ್ತಿಗೆ ಸಾಲು ಆವರಣ ದಾಟಿ ರಸ್ತೆಗೆ ಬಂದಿತ್ತು, ಹಿಂದಿನಿಂದ ಆಟೋಗಳು ಹಾರ್ನ್ ಹೊಡೆಯುತ್ತಿದ್ದವು. ನಾನು ಹೆಗಲ ಮೇಲೆ ಕೇಬಲ್ ಸುರುಳಿ ಹೊತ್ತುಕೊಂಡು ಅಲ್ಲೇ ನಿಂತಿದ್ದೆ. ಅಜ್ಜಿ ಮತ್ತು ಹುಡುಗನ ಮಾತುಕತೆ ಮುಗಿಯಲು ಒಂದು ನಿಮಿಷ ಹಿಡಿಯಿತು. ಆ ಒಂದು ನಿಮಿಷದ ಮೇಲೆಯೇ ಈ ಲೇಖನ.

ನನ್ನ ಕಸುಬು ಧ್ವನಿವರ್ಧಕದ್ದು. ಊರವರ ಬಾಯಲ್ಲಿ ಮೈಕ್‌ಸೆಟ್ಟಿನವ. ಜಾತ್ರೆಗಳಲ್ಲಿ ಬೇವಿನ ಮರಕ್ಕೆ ಹಾರ್ನ್ ಕಟ್ಟುತ್ತಾ ಶುರು ಮಾಡಿದವನು ಈಗ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಸಂಘಟಕರಿಗೆ ಸಭಾಂಗಣ ನೋಡಿ ಸಲಹೆ ಹೇಳುವವರೆಗೆ ಬಂದಿದ್ದೇನೆ. ಕಾರ್ಯಕ್ರಮ ಕೆಟ್ಟರೆ ಜನ ಮೊದಲು ಬೈಯುವುದು ನನ್ನನ್ನೇ. ಅದರಲ್ಲಿ ಅರ್ಧ ನನ್ನ ಪಾಲು ಎಂದು ಒಪ್ಪುತ್ತೇನೆ. ಉಳಿದರ್ಧದ ಬೇರು ಸಂಘಟಕರು ಹೇಳುವ ಒಂದು ವಾಕ್ಯದಲ್ಲಿದೆ: “ಮೂರು ಸಾವಿರ ಕುರ್ಚಿ ಹಿಡಿಯುತ್ತದೆ.” ನಮ್ಮ ಕಡೆ ಸಭಾಂಗಣದ ಅಳತೆ ಎಂದರೆ ಅದೊಂದೇ. ಆ ಮೂರು ಸಾವಿರ ಜನ ಎಷ್ಟು ಹೊತ್ತಿನಲ್ಲಿ ಒಳಗೆ ಬರುತ್ತಾರೆ, ಕೂತವರಿಗೆ ಏನು ಕೇಳಿಸುತ್ತದೆ, ಎದ್ದವರು ಯಾವ ಬಾಗಿಲಿನಿಂದ ಹೋಗುತ್ತಾರೆ ಎಂಬ ಲೆಕ್ಕ ಯಾರ ವಹಿಯಲ್ಲೂ ಇರುವುದಿಲ್ಲ.

ಬಾಗಿಲಿನ ಲೆಕ್ಕ ಶಾಲೆಯ ಮಕ್ಕಳಿಗೂ ಬರುವಂಥದ್ದು. ಟಿಕೆಟ್ ನೋಡಿ, ಚೀಲ ತೆರೆಸಿ, ಕೈ ಸವರಿ ಬಿಡಲು ಒಬ್ಬರಿಗೆ ಹತ್ತು ಸೆಕೆಂಡು ಎಂದು ಇಟ್ಟುಕೊಳ್ಳಿ. ಒಂದು ಸಾಲಿನಲ್ಲಿ ಗಂಟೆಗೆ 360 ಜನ. ನಾಲ್ಕು ಸಾಲಿದ್ದರೆ 1,440. ಮೂರು ಸಾವಿರ ಜನ ಒಳಗೆ ಬರಲು ಎರಡು ಗಂಟೆ ಐದು ನಿಮಿಷ ಬೇಕು. ಆದರೆ ನಮ್ಮ ಜನ ಬರುವುದು ಆರೂವರೆ ಕಾರ್ಯಕ್ರಮಕ್ಕೆ ಆರಕ್ಕೆ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಮಾರ್ಗಸೂಚಿಯಲ್ಲಿ ಒಂದು ತಿರುಗುಗೇಟಿಗೆ ಗಂಟೆಗೆ ಹೆಚ್ಚೆಂದರೆ 660 ಜನ ಎಂದು ಹಿಡಿಯುತ್ತಾರೆ. ಅದು ಸಾಲಿನಲ್ಲಿ ನಿಂತು ರೂಢಿಯಿರುವ ಊರಿನ ಮಾತು, ಅದೂ ಎಲ್ಲ ನೆಟ್ಟಗಿದ್ದಾಗ. ನಮ್ಮಲ್ಲಿ ಬಾಗಿಲಿಗೆ ಬಂದ ಮೇಲೆಯೇ ಮೊಬೈಲ್ ಹೊರಗೆ ತೆಗೆದು, ಮಗ ಕಳಿಸಿದ ಟಿಕೆಟ್ಟಿನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಹುಡುಕುವವರು ಇದ್ದಾರೆ. ಸಾವಿರಾರು ಮೊಬೈಲ್‌ಗಳು ಒಂದೇ ಟವರಿಗೆ ಜೋತುಬಿದ್ದಾಗ ಚಿತ್ರ ತೆರೆಯುವುದೂ ಇಲ್ಲ. ಇದರಲ್ಲಿ ಪ್ರೇಕ್ಷಕರ ತಪ್ಪು ಹುಡುಕುವುದು ಸುಲಭ. ಟಿಕೆಟ್ಟನ್ನು ಮನೆಯಲ್ಲೇ ಉಳಿಸಿಟ್ಟುಕೊಂಡು ಬನ್ನಿ ಎಂದು ಹಿಂದಿನ ದಿನ ಒಂದು ಸಾಲು ಬರೆದು ಕಳಿಸುವುದು ಅದಕ್ಕಿಂತ ಸುಲಭ. ಚೀಲ ಇಲ್ಲದವರಿಗೆ ಬೇರೆ ಸಾಲು ಮಾಡಿದರೆ ಅರ್ಧ ತಲೆನೋವು ಇಳಿಯುತ್ತದೆ. ಅಜ್ಜಿಯ ಡಬ್ಬಿಯಂಥ ತಕರಾರನ್ನು ಬಾಗಿಲಲ್ಲಿ ಅಲ್ಲ, ಪಕ್ಕದ ಮೇಜಿನಲ್ಲಿ ಬಗೆಹರಿಸಬೇಕು. ಹಿಂದಿರುವ ನೂರು ಜನರ ಒಂದೊಂದು ನಿಮಿಷ ಉಳಿಯುತ್ತದೆ.

ಇನ್ನು ಒಳಗೆ. ಸುಮ್ಮನೆ ಕೂತ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಬಿಡುತ್ತಾನೆ, ಹಳೆಯ ಕಾಲದ ಒಂದು ಬಲ್ಬಿನಷ್ಟು. ಮೂರು ಸಾವಿರ ಜನ ಎಂದರೆ 300 ಕಿಲೋವ್ಯಾಟ್. ಅದನ್ನಷ್ಟೇ ತೆಗೆಯಲು ಸುಮಾರು 85 ಟನ್ ಹವಾನಿಯಂತ್ರಣ ಬೇಕು, ಅಂದರೆ ಮನೆಯಲ್ಲಿ ಹಾಕಿಸುವ ಒಂದೂವರೆ ಟನ್ನಿನ ಎ.ಸಿ. ಐವತ್ತಾರು ಐವತ್ತೇಳು. ಏಪ್ರಿಲ್ ತಿಂಗಳಲ್ಲಿ ತಗಡಿನ ಚಾವಣಿ ಕಾದು ಮೇಲಿನಿಂದ ಇಳಿಸುವ ಬಿಸಿ ಬೇರೆ. ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ನಿಂತು “ಏನು ತಂಪಾಗಿದೆ ನೋಡಿ” ಎಂದ ಸಂಘಟಕರನ್ನು ರಾತ್ರಿ ಎಂಟಕ್ಕೆ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಾ ಕೂತದ್ದನ್ನು ಕಂಡಿದ್ದೇನೆ.

ಖಾಲಿ ಸಭಾಂಗಣ ಕಿವಿಗೂ ಮೋಸ ಮಾಡುತ್ತದೆ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೈಗಳು ತಿಂದವನ ಹಕ್ಕು ಅದು.

ಯಾವ ಸಭಾಂಗಣಕ್ಕೆ ಹೋದರೂ ನಡುವೆ ನಿಂತು ಒಂದೇ ಚಪ್ಪಾಳೆ ತಟ್ಟಿ ಕೈಗಡಿಯಾರ ನೋಡುತ್ತೇನೆ. ಒಳ್ಳೆಯ ಕೋಣೆಯಲ್ಲಿ ಚಪ್ಪಾಳೆ ಅಲ್ಲೇ ಸಾಯುತ್ತದೆ. ಕೆಟ್ಟ ಕೋಣೆಯಲ್ಲಿ ಅದು ಚಾವಣಿಗೆ ಹೋಗಿ, ಹಿಂದಿನ ಗೋಡೆಗೆ ಬಡಿದು, ನೆಲಕ್ಕೆ ಇಳಿದು, ಇನ್ನೊಂದು ಸುತ್ತು ಹೊರಡುತ್ತದೆ. 60 ಮೀಟರ್ ಉದ್ದ, 40 ಮೀಟರ್ ಅಗಲ, 12 ಮೀಟರ್ ಎತ್ತರದ ಒಂದು ಸಭಾಂಗಣ ತೆಗೆದುಕೊಳ್ಳಿ. ಸಿಮೆಂಟಿನ ಗೋಡೆ, ನುಣುಪು ನೆಲ, ತಗಡಿನ ಚಾವಣಿ. ಇವೆಲ್ಲ ಸೇರಿ ತಮ್ಮ ಮೇಲೆ ಬಿದ್ದ ದನಿಯ ಹತ್ತರಲ್ಲಿ ಒಂದು ಪಾಲು ಹೀರುತ್ತವೆ ಎಂದು ಉದಾರವಾಗಿ ಹಿಡಿದರೂ, ದನಿ ಪೂರ್ತಿ ಅಡಗಲು ಆರು ಸೆಕೆಂಡಿಗೂ ಹೆಚ್ಚು ಬೇಕು. ಜನ ತುಂಬಿದರೆ ಅದೇ ಸಭಾಂಗಣದಲ್ಲಿ ಎರಡು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಏಕೆಂದರೆ ಮನುಷ್ಯನ ಮೈ ಮತ್ತು ಬಟ್ಟೆ ದನಿಯನ್ನು ನುಂಗುತ್ತವೆ. ಭಾಷಣ ತಿಳಿಯಬೇಕಾದರೆ ಒಂದು ಸೆಕೆಂಡಿನ ಹತ್ತಿರ ಇರಬೇಕು.

ಈ ಲೆಕ್ಕದ ಸೂತ್ರ ಕಂಡುಹಿಡಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಒಂದು ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತು ಒಂದಿಷ್ಟೂ ತಿಳಿಯದಾಗ ಇವರಿಗೆ ಸರಿಪಡಿಸಲು ಹೇಳಿದರು. ಅವರು ರಾತ್ರಿ ಹೊತ್ತು ಹತ್ತಿರದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆ ಇಟ್ಟರೆ ದನಿ ಎಷ್ಟು ಬೇಗ ಅಡಗುತ್ತದೆ ಎಂದು ಗಡಿಯಾರ ಹಿಡಿದು ಅಳೆದರು. ಮೆತ್ತೆಯ ಕುರ್ಚಿ ಖಾಲಿ ಇದ್ದರೂ ದನಿ ಹೀರುತ್ತದೆ. ನಮ್ಮ ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿ ಖಾಲಿಯಿದ್ದರೆ ಏನನ್ನೂ ಹೀರುವುದಿಲ್ಲ. ಅದಕ್ಕೇ ಅರ್ಧ ತುಂಬಿದ ಸಭೆಯಲ್ಲಿ ಕಾರ್ಯಕ್ರಮ ಎರಡು ಸಲ ಸೋಲುತ್ತದೆ, ಮೊದಲು ಜನ ಬರದೆ, ಆಮೇಲೆ ಬಂದವರಿಗೆ ಕೇಳಿಸದೆ.

ಮಾರ್ದನಿ ಕನ್ನಡಕ್ಕೆ ಮಾಡುವ ಅನ್ಯಾಯವೇ ಬೇರೆ ತೆರನದು. ‘ಕತ್ತೆ’ ಎನ್ನುವಾಗ ನಾಲಗೆ ಹಲ್ಲಿಗೆ ಒತ್ತಿ ಒಂದು ಚಣ ಸುಮ್ಮನಿರುತ್ತದೆ. ಆ ಮೌನವೇ ಒತ್ತಕ್ಷರ. ಗುಂಯ್‌ಗುಡುವ ಸಭಾಂಗಣದಲ್ಲಿ ಹಿಂದಿನ ‘ಕ’ದ ಬಾಲ ಬಂದು ಆ ಮೌನವನ್ನು ತುಂಬಿಬಿಡುತ್ತದೆ. ಹಿಂದಿನ ಸಾಲಿನವನಿಗೆ ಕತ್ತೆಯೂ ಕತೆಯೂ ಒಂದೇ. ಸ್ವಾಮಿಗಳು ಕತ್ತೆಯ ಕತೆ ಹೇಳುತ್ತಿದ್ದರೆ ಅವನ ಪಾಡು ನೀವೇ ಊಹಿಸಿ. ಆಗ “ಕೇಳಿಸುತ್ತಿಲ್ಲ” ಎಂದು ಯಾರೋ ಕೂಗುತ್ತಾರೆ, ಸಂಘಟಕರು ನನ್ನತ್ತ ಕೈ ಮೇಲೆತ್ತಿ ಸನ್ನೆ ಮಾಡುತ್ತಾರೆ, ಜೋರು ಮಾಡು ಎಂದು. ಜೋರು ಮಾಡಿದರೆ ಮಾತು ಎಷ್ಟು ಹೆಚ್ಚುತ್ತದೆಯೋ ಅದರ ಮಾರ್ದನಿಯೂ ಅಷ್ಟೇ ಹೆಚ್ಚುತ್ತದೆ. ಮೊದಲು ತಿಳಿಯುತ್ತಿರಲಿಲ್ಲ, ಈಗ ತಿಳಿಯದೇ ಇರುವುದರ ಜೊತೆಗೆ ತಲೆನೋವು. ನನ್ನ ಕಸುಬಿನ ಹುಡುಗರಿಗೆ ಇದನ್ನು ಮನಗಾಣಿಸಲು ನನಗೆ ಇನ್ನೂ ಆಗಿಲ್ಲ. ಬಾಕ್ಸ್ ದೊಡ್ಡದಾದಷ್ಟೂ ಬಾಡಿಗೆ ದೊಡ್ಡದು ಎಂಬುದೂ ಅದಕ್ಕೆ ಕಾರಣ.

ಮದ್ದು ನಮ್ಮ ರೈಲು ನಿಲ್ದಾಣದಲ್ಲೇ ಇದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಒಂದು ತುದಿಯಲ್ಲಿ ಗುಡ್ಡದಂಥ ಹಾರ್ನ್ ಇಟ್ಟು ಘೋಷಣೆ ಮಾಡಿದರೆ ಇನ್ನೊಂದು ತುದಿಗೆ ದನಿ ಮುಟ್ಟಲು ನಾಲ್ಕು ಸೆಕೆಂಡಿಗೂ ಮಿಕ್ಕಿ ಬೇಕು. ಅದಕ್ಕೇ ಉದ್ದಕ್ಕೂ ಚಿಕ್ಕ ಚಿಕ್ಕ ಸ್ಪೀಕರ್‌ಗಳಿಂದ, ಜನರ ತಲೆಯ ಹತ್ತಿರದಿಂದ, ಮೆಲ್ಲಗೆ ಹೇಳಿಸಬೇಕು. ಸಭಾಂಗಣದಲ್ಲೂ ಹಾಗೆಯೇ. ವೇದಿಕೆಯಿಂದ 34 ಮೀಟರ್ ದೂರದಲ್ಲಿ ಚಿಕ್ಕ ಸ್ಪೀಕರ್ ಇಟ್ಟರೆ ಅದರ ದನಿಯನ್ನು ಸೆಕೆಂಡಿನ ಹತ್ತನೇ ಒಂದು ಭಾಗ ತಡೆದು ಬಿಡಬೇಕು, ಆಗ ವೇದಿಕೆಯ ದನಿಯೂ ಅದೂ ಕೂಡಿ ಬರುತ್ತವೆ. ಹಿಂದಿನ ಗೋಡೆಗೆ ದಪ್ಪ ಪರದೆ ನೆರಿಗೆ ಬಿಟ್ಟು ಇಳಿಬಿಡಬೇಕು. ಇಷ್ಟಕ್ಕೆ ಆಗುವ ಖರ್ಚು ವೇದಿಕೆಯ ಹೂವಿನ ಅಲಂಕಾರಕ್ಕಿಂತ ಹೆಚ್ಚೇನಲ್ಲ. ಹಳೆಯ ವಾಡೆಗಳಲ್ಲಿ ಮರದ ಮಾಳಿಗೆಯ ಕೆಳಗೆ ಜಮಖಾನೆ ಹಾಸಿ, ಮೈಕಿಲ್ಲದೆ ಹಾಡಿದ ಗಾಯಕರ ದನಿ ಮೂಲೆಯವರಿಗೂ ಮುಟ್ಟುತ್ತಿತ್ತು ಎಂದು ಹಿರಿಯರು ಹೇಳುವುದರಲ್ಲಿ ಗಾಯಕರ ಪಾಲು ಎಷ್ಟೋ ಜಮಖಾನೆಯ ಪಾಲೂ ಅಷ್ಟೇ.

ಶೌಚಾಲಯದ ಬಗ್ಗೆ ಒಂದೇ ಮಾತು. ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಹೊತ್ತು ಬೇಕು, ಕೋಣೆಗಳ ಸಂಖ್ಯೆ ಮಾತ್ರ ಸಮ. ಹದಿನೈದು ನಿಮಿಷದ ವಿರಾಮ ಮುಗಿದು ಅರ್ಧ ಗಂಟೆಯಾದರೂ ಸೀರೆಗಳ ಸಾಲು ಕರಗುವುದಿಲ್ಲ. ಕಟ್ಟಡದ ನಕ್ಷೆ ಬರೆದವರು ತಮ್ಮ ಮನೆಯ ಹೆಂಗಸರನ್ನು ಕೇಳಿದ್ದರೆ ಸಾಕಿತ್ತು.

ಕೊನೆಗೆ ಹೊರಗೆ ಹೋಗುವುದು. ಇದು ಕಿರಿಕಿರಿಯ ವಿಷಯವಲ್ಲ. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲದ ಬಾಗಿಲಿನಿಂದ ನಿಮಿಷಕ್ಕೆ ಹೆಚ್ಚೆಂದರೆ 80 ಚಿಲ್ಲರೆ ಜನ ದಾಟಬಹುದು. ಎರಡು ಮೀಟರಿನ ನಾಲ್ಕು ಬಾಗಿಲು ತೆರೆದಿದ್ದರೆ ಮೂರು ಸಾವಿರ ಜನ ಐದು ನಿಮಿಷದೊಳಗೆ ಹೊರಗೆ. ಒಂದೇ ಬಾಗಿಲಿನ ಒಂದೇ ಕದ ತೆರೆದಿದ್ದರೆ ಸುಮಾರು ಮೂವತ್ತೇಳು ನಿಮಿಷ. ಪ್ರವಚನದ ಆ ರಾತ್ರಿ ನಡೆದದ್ದು ಈ ಎರಡನೆಯದು. ಉಳಿದ ಬಾಗಿಲುಗಳಿಗೆ ಬೀಗ, ಬೀಗದ ಕೈ ಕಾವಲುಗಾರನ ಹತ್ತಿರ, ಕಾವಲುಗಾರ ಗಿರಮಿಟ್ಟು ತಿನ್ನಲು ಹೋಗಿದ್ದ. “ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಸರ್” ಎಂಬುದು ಬೀಗಕ್ಕೆ ಕೊಟ್ಟ ಕಾರಣ. ಕಾರ್ಯಕ್ರಮ ಮುಗಿದ ಮೇಲೆ ಯಾರು ನುಗ್ಗುತ್ತಾರೋ ಕಾಣೆ.

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿಯ ಹೊಗೆ ತುಂಬಿದಾಗ ಹೊರದಾರಿಗೆ ಅಡ್ಡವಾಗಿದ್ದವುಗಳಲ್ಲಿ ಹೆಚ್ಚುವರಿಯಾಗಿ ಹಾಕಿದ್ದ ಕುರ್ಚಿಗಳೂ ಇದ್ದವು. ಕುರ್ಚಿಗಳು! 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಹೋದರು. ಒಂದು ಚದರ ಮೀಟರಿನಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಜನ ನಿಂತರೆ ಯಾರೂ ತಮ್ಮ ಇಷ್ಟದಂತೆ ಹೆಜ್ಜೆ ಇಡಲಾರರು, ಹಿಂದಿನ ಒತ್ತಡ ಮುಂದಿನವರ ಎದೆಗೆ ಹೋಗಿ ಮುಟ್ಟುತ್ತದೆ. ಹಿಂದಿರುವವನಿಗೆ ಮುಂದೆ ಬಾಗಿಲು ಮುಚ್ಚಿದೆ ಎಂದು ಗೊತ್ತೇ ಇರುವುದಿಲ್ಲ.

ಆ ರಾತ್ರಿ ನಾನು ಮೈಕ್ ಹಿಡಿದು “ಕೂತಲ್ಲೇ ಇರಿ, ಒಂದೊಂದೇ ಸಾಲಾಗಿ ಏಳೋಣ” ಎಂದು ಹೇಳಿದೆ. ನಾನೇ ಕಟ್ಟಿದ್ದ ಧ್ವನಿವರ್ಧಕದಲ್ಲಿ ನನ್ನ ಮಾತು ಹಿಂದಿನವರಿಗೆ ಎಷ್ಟು ತಿಳಿಯಿತೋ, ದೇವರೇ ಬಲ್ಲ. ಅಂತೂ ಕಾವಲುಗಾರ ಬಂದ, ಬಾಗಿಲು ತೆರೆದವು. ಅಜ್ಜಿ ಪೀಪಾಯಿಯೊಳಗೆ ಕೈಹಾಕಿ ತನ್ನ ಡಬ್ಬಿ ಹುಡುಕುತ್ತಿದ್ದಳು. ನಾನು ತೆಗೆದುಕೊಟ್ಟೆ. ಊರಿನ ಕೊನೆಯ ಬಸ್ಸು ತಪ್ಪಿತ್ತು. ಜೊತೆಗೆ ಬಂದ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತು ಆ ರೊಟ್ಟಿಯನ್ನೇ ಹಂಚಿಕೊಂಡು ತಿಂದರು, ನನಗೂ ಅರ್ಧ ಕೊಟ್ಟರು. ಚಟ್ನಿ ಖಾರವಾಗಿತ್ತು.

ಅಂದಿನಿಂದ ಸಲಹೆ ಕೇಳಿದವರಿಗೆ ನಾನು ಮೊದಲು ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳುತ್ತೇನೆ. ಕಾರ್ಯಕ್ರಮ ಶುರುವಾಗುವ ಮುಂಚೆ ಎಲ್ಲ ಬಾಗಿಲನ್ನೂ ಒಮ್ಮೆ ಒಳಗಿನಿಂದ ತಳ್ಳಿ ನೋಡುತ್ತೇನೆ. ಹೊರಕ್ಕೆ ತೆರೆಯಬೇಕು, ಕೈಯಿಂದಲ್ಲ, ಭುಜದಿಂದ ತಳ್ಳಿದರೂ ತೆರೆಯಬೇಕು. ಮೊನ್ನೆ ಹಾವೇರಿಯಿಂದ ಒಬ್ಬ ಸಂಘಟಕರು ಫೋನ್ ಮಾಡಿದ್ದರು, ಮುಂದಿನ ತಿಂಗಳು ಒಂದು ದೊಡ್ಡ ಸಮಾವೇಶವಂತೆ. “ಎಷ್ಟು ಬಾಕ್ಸ್ ತರುತ್ತೀರಿ ಅಣ್ಣಾವರೆ?” ಎಂದರು. ಬಾಗಿಲು ಎಷ್ಟಿವೆ ಎಂದು ಕೇಳಿದೆ. “ಕುರ್ಚಿ ಎರಡೂವರೆ ಸಾವಿರ” ಎಂದರು. ಬಾಗಿಲು ಎಂದೆ. ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟವರು ಇನ್ನೂ ತಿರುಗಿ ಕರೆ ಮಾಡಿಲ್ಲ.