‘ಪೂರ್ತಿ ಹಾಕಿಬಿಡಿ’ ಎನ್ನುವವರಿಗೆ

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸಿದವೆಂದರೆ ನಮ್ಮಂಥ ವಿಡಿಯೊ ಎಡಿಟರುಗಳಿಗೆ ಕೆಲಸ ಜಾಸ್ತಿ. ದೇವರಿಗೆ ಹರಕೆ ಹೊತ್ತು ಆಟ (ಯಕ್ಷಗಾನ ಪ್ರದರ್ಶನ) ಆಡಿಸಿದವರು ಹಾರ್ಡ್ ಡಿಸ್ಕ್ ಹಿಡಿದು ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು: “ಪೂರ್ತಿ ಯೂಟ್ಯೂಬಿಗೆ ಹಾಕಿಬಿಡಿ ಮಾರಾಯ್ರೇ, ಒಳ್ಳೇದಿದ್ರೆ ತನ್ನಷ್ಟಕ್ಕೇ ಮೇಲೆ ಬರ್ತದೆ.”

ಬರುವುದಿಲ್ಲ. ಅಪರೂಪಕ್ಕೆ ಬರಬಹುದು, ಅದನ್ನು ನಂಬಿ ಕೂರಬೇಡಿ. ಅಲ್ಲಿಗೆ ನಿಮಿಷಕ್ಕೆ 500 ಗಂಟೆಗೂ ಹೆಚ್ಚಿನ ವಿಡಿಯೊ ಬಂದು ಬೀಳುತ್ತದೆ. 2012ರಿಂದ ಯೂಟ್ಯೂಬ್ ಎಷ್ಟು ಜನ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಹೆಚ್ಚು ಬೆಲೆ ಕೊಡುತ್ತಿದೆ. ಈಗ ಬೇರೆ ಲೆಕ್ಕಗಳೂ ಸೇರಿವೆ, ಇರಲಿ. ಆದರೆ ಯಾವ ಪದ್ಯ ಚೆನ್ನಾಗಿ ಕೂತಿತು, ಯಾವ ಅರ್ಥದಲ್ಲಿ (ಪಾತ್ರಧಾರಿ ಆಡುವ ಮಾತಿನಲ್ಲಿ) ಹುರುಳಿತ್ತು, ಇದನ್ನು ಆ ಯಂತ್ರ ಹೇಗೆ ಹೇಳಬೇಕು? ಆಟ ನೋಡಿ ಗೊತ್ತಿದ್ದವರು ಕೂತು ಆರಿಸಬೇಕು. ಬೇರೆ ದಾರಿ ಇಲ್ಲ.

ಸುಮ್ನೆ ‘ದೇವಿ ಮಹಾತ್ಮೆ’ ಪ್ರಸಂಗವನ್ನು ಹುಡುಕಿ ನೋಡಿ. ದೊಂದಿ ಹಿಡಿದ ಮಹಿಷಾಸುರನ ಪ್ರವೇಶವೇ ಒಂದರ ಮೇಲೊಂದು, ತಲೆಬರಹವೂ ಹೆಚ್ಚುಕಡಿಮೆ ಒಂದೇ, ‘ಮೈ ಜುಮ್ಮೆನ್ನುವ’ ಅಂತ. ಯಾವ ಮೇಳ, ಪದ್ಯ ಹಾಡಿದ ಭಾಗವತರು ಯಾರು, ಚೆಂಡೆಗೆ ಯಾರು ಎಂದು ಬರೆದಿರುವುದು ಕಡಿಮೆ. ಬೆಳಗಿನ ಜಾವದ ರಕ್ತಬೀಜನ ಅರ್ಥ ಕೇಳಬೇಕೆಂದು ಹೋದವರು ಇದನ್ನೆಲ್ಲ ದಾಟಿಕೊಂಡು ಹೋಗಬೇಕು, ಅಲ್ವಾ?

ಬ್ರಹ್ಮಾವರ ಕಡೆಯ ಅಜ್ಜನೊಬ್ಬರ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ) ಕ್ಯಾಸೆಟ್‌ಗಳು ಒಮ್ಮೆ ನನ್ನ ಕೈಗೆ ಬಂದಿದ್ದವು. ಒಂದೊಂದರ ಮೇಲೂ ಪ್ರಸಂಗ, ಊರು, ಭಾಗವತರು, ಅರ್ಥಧಾರಿಗಳು, ಎಲ್ಲ ಪುಟ್ಟ ಅಕ್ಷರದಲ್ಲಿ. ಒಂದರ ಮೇಲೆ ‘ಎರಡನೇ ಬದಿ ಬೇಡ, ಮೈಕು ಹಾಳು’ ಎಂದೂ ಇತ್ತು. ಅಜ್ಜ ಮಾಡಿಟ್ಟಿದ್ದೇ ಆಯ್ಕೆ. ಮೊಮ್ಮಕ್ಕಳು ಮಾತ್ರ ಆ ಹಾಳಾದ ಬದಿಯನ್ನೂ ಸೇರಿಸಿ ‘ಆಡಿಯೊ 1’, ‘ಆಡಿಯೊ 2’ ಎಂದು ಹಾಕಿಬಿಟ್ಟಿದ್ದರು!

ಇಡೀ ರಾತ್ರಿಯ ಆಟ ಹಾಕಬೇಡಿ ಎನ್ನುತ್ತಿಲ್ಲ. ಹಾಕಿ, ದಾಖಲೆಗೆ ಬೇಕು. ಆದರೆ ವಿವರಣೆಯಲ್ಲಿ 00:00ರಿಂದ ಶುರುಮಾಡಿ ಯಾವ ಸನ್ನಿವೇಶ ಎಲ್ಲಿ ಬರುತ್ತದೆಂದು ಸಮಯ ಬರೆಯಿರಿ. ಕನಿಷ್ಠ 3 ಭಾಗ, ಒಂದೊಂದೂ ಕನಿಷ್ಠ 10 ಸೆಕೆಂಡ್ ಇದ್ದರೆ ಅಧ್ಯಾಯಗಳಾಗಿ ಕಾಣುತ್ತವೆ. ಒಳ್ಳೆಯ ಎರಡು ಮೂರು ಭಾಗ ಆರಿಸಿ ಬೇರೆಯಾಗಿಯೂ ಹಾಕಿ. ಮನೆಯವರೆಲ್ಲ ಸಾಲಾಗಿ ಪ್ರಸಾದ ತೆಗೆದುಕೊಳ್ಳುವುದು ಫ್ಯಾಮಿಲಿ ಗ್ರೂಪಿಗೆ ಸಾಕು. ಬೇಸರ ಮಾಡಬೇಡಿ ಅಕ್ಕ, ಸೀರೆ ಚೆನ್ನಾಗಿತ್ತು.

ಈ ಸಲ ಡಿಸ್ಕ್ ಜೊತೆ ಕಲಾವಿದರ ಪಟ್ಟಿಯನ್ನೂ ತನ್ನಿ. ಪಟ್ಟಿ ಇಲ್ಲದಿದ್ದರೆ ಕೆಲಸ ತೆಗೆದುಕೊಳ್ಳುವುದಿಲ್ಲ.